ಜೋಳದ ಗುಡಾಣದಾಗಿನ ಮೀನೆಣ್ಣಿ

ಮಗಳು ಮೊಣಕಾಲು ನೋವಿಗೆ ಅಂತ ದವಾಖಾನಿಯಿಂದ ಎಣ್ಣಿ ತುಂಬಿದ ಗುಳಗಿ ತಂದಿದ್ಲು. ಒಂದು ಒಡದು ನನ್ನ ಬೆರಳಿಗೆ ಹತ್ತಿತು. ಮೂಗಿಗೆ ಹಿಡದೆ ನೋಡ್ರಿ, ಮೀನೆಣ್ಣಿ ವಾಸನಿ... ಐವತ್ತು ವರ್ಷ ಆದ್ರೂ ನನ್ನ ಬೆನ್ನು ಬಿಟ್ಟಿಲ್ಲ ಅದು. ಕುಂತಲ್ಲಿ ಕುಂದ್ರಾಕ ಆಗಲಿಲ್ಲ. ಪಡಸಾಲಿಗೆ ಹೋದೆ, ತಿರುಗಿ ಒಳಗ ಬಂದೆ.

ಕುಷ್ಟಗಿಯ ನಮ್ಮ ಓಣಿ ಕಡೀಗೆ ದವಾಖಾನಿ ನರ್ಸಮ್ಮ ಇದ್ಲು. ಗಂಡ ತೀರಿಹೋಗಿದ್ದ, ನಾಕು ವರ್ಷದ ಒಬ್ಬಾಕಿ ಮಗಳು. ಕೆಲಸಕ್ಕ ಹೋಗೂಮುಂದ ಹುಡುಗಿನ್ನ ಒಳಗಿಟ್ಟು ಕೀಲಿ ಹಾಕತಿದ್ಲು, ನೋಡ್ಕೊಳ್ಳಾವರು ಯಾರೂ ಇರಲಿಲ್ಲ.

ನಾನು ಕಿರಾಣಿ ಅಂಗಡಿ ಮನೆತನದ ಸೊಸಿ. ಚೊಚ್ಚಲ ಕೂಸು ದಡಾರ ಬಂದು ಕತ್ತಲಿ ಖೋಲಿಯೊಳಗ ತೀರಿಹೋಗಿತ್ತು. ಎರಡನೇದು ಈ ಮಗಳು. ದೃಷ್ಟಿ ಆದೀತು, ಗಾಳಿ ಸೋಕೀತು ಅಂತ ಅತ್ತಿ ಕೂಸಿನ್ನ ಹೊರಗ ತರಗೊಡಲಿಲ್ಲ, ಮಾಳಿಗಿ ಬೆಳಕಿಂಡಿಗೂ ಕಲ್ಲು ಮುಚ್ಚಿಸಿದ್ರು. ವರ್ಷ ತುಂಬಿದ್ರೂ ಕೂಸಿಗೆ ಕಾಲು ಊರೋ ಕಸುವಿಲ್ಲ. ತಿಂಗಳಿಗೊಮ್ಮೆ ನೆಗಡಿ, ಕೆಮ್ಮು, ಎದಿ ಗೊರಗೊರ. ಇದೂ ಕೈ ಬಿಡತೈತಿ ಅಂತ ನನಗ ಒಂದು ಕಡೆ ನಿಂದ್ರಾಕ ಆಗತಿರಲಿಲ್ಲ.

ನರ್ಸಮ್ಮ ಬಂದು ಕೂಸಿನ ಮುಂಗೈ ಹಿಚುಕಿ ನೋಡಿದ್ಲು. "ತಂಗೀ, ಬಿಸಿಲು ಕಾಣದ ಮೈಗೆ ಎಲುವೂ ಗಟ್ಟಿ ಆಗೂದಿಲ್ಲ, ನೆಗಡಿ ಜ್ವರದ ಎದುರು ನಿಲ್ಲೋ ತಾಕತ್ತೂ ಬರೂದಿಲ್ಲ" ಅಂದ್ಲು. ಬೆಳಕಿಂಡಿ ತೆಗಿ ಅಂದ್ಲು. ಸೆರಗಿನ ಮರಿಯಿಂದ ಒಂದು ಬಾಟ್ಲಿ ಮೀನೆಣ್ಣಿ ಕೊಟ್ಟು, ದಿನಾ ಒಂದು ಚಮಚ ಕುಡಿಸು, ಯಾರಿಗೂ ಹೇಳಬ್ಯಾಡ ಅಂದ್ಲು.

ಲಿಂಗ ಕಟ್ಟಿದ ಕೂಸಿನ ಬಾಯಿಗೆ ಮೀನೆಣ್ಣಿ ಹಾಕಾಕ ನನ್ನ ಕೈ ಏಳಲಿಲ್ಲ. ಬ್ಯಾಡ ಅನ್ನಾಕೂ ಧೈರ್ಯ ಬರಲಿಲ್ಲ. ಬಾಟ್ಲಿ ಜೋಳದ ಗುಡಾಣದಾಗ ಹುಗದಿಟ್ಟು, ದಿನಾ ಒಂದು ಚಮಚ ಬಚ್ಚಲಿಗೆ ಸುರೀತಿದ್ದೆ. ಆಕಿ ಕೇಳಿದ್ರ ಖಾಲಿ ಬಾಟ್ಲಿ ತೋರಿಸಬೇಕಲ್ಲ... ಬೆಳಕಿಂಡಿ ಮಾತು ಮಾತ್ರ ನಡಿಸಿದೆ. ಅತ್ತಿ ಮಠಕ್ಕ ಹೋದ ಕೂಡ್ಲೆ ಮಾಳಿಗಿ ಹತ್ತಿ ಕಲ್ಲು ಸರಿಸಿ, ಒಳಗ ಬಿದ್ದ ಬಿಸಿಲಿನಾಗ ಕೂಸಿನ್ನ ಕೌದಿ ಮ್ಯಾಲೆ ಬರೀಮೈಲೆ ಮಲಗಸ್ತಿದ್ದೆ. ಬಿಸಿಲು ಸರದಂಗ ಕೌದಿನೂ ಎಳೀತಿದ್ದೆ.

ಮೂರ್ನಾಲ್ಕು ತಿಂಗಳಿಗೆ ಕೂಸು ಗ್ವಾಡಿ ಹಿಡದು ನಿಂತಿತು. ನಿಂತ ಕೂಸು, ಖಾಲಿ ಬಾಟ್ಲಿ ಎರಡೂ ನೋಡಿ ನರ್ಸಮ್ಮನ ಕಣ್ಣು ತುಂಬಿದ್ವು. ಮರುದಿನ ಇನ್ನೊಂದು ಬಾಟ್ಲಿ ತಂದ್ಲು. "ನನ್ನ ಮಗಳಿಗೆ ಅಂತ ಇಟ್ಟಿದ್ದೆ. ಲಡಾಯಿ ಕಾಲ, ಮತ್ತ ಸಿಗೂದಿಲ್ಲ. ಈಗ ನಿನ್ನ ಕೂಸಿಗೆ ಬೇಕು" ಅಂದ್ಲು. ಆಗರೆ ಖರೇ ಹೇಳಬೇಕಿತ್ತು ನಾನು. ಅತ್ತಿ ಪಡಸಾಲಿಯೊಳಗ ಕುಂತಿದ್ರು. ಬಾಟ್ಲಿ ಇಸಗೊಂಡು ಸೆರಗಿನಾಗ ಮುಚ್ಚಿಕೊಂಡೆ.

ಆ ಚಳಿಗಾಲ ಊರಿಗೆಲ್ಲ ನೆಗಡಿ ಜ್ವರ ಬಂತು. ನನ್ನ ಮಗಳು ನಾಕು ದಿನ ಕೆಮ್ಮಿ ಎದ್ದು ಕುಂತ್ಲು. ನರ್ಸಮ್ಮನ ಮಗಳು ಏಳಲಿಲ್ಲ... ಎಣ್ಣಿ ಇದ್ದಿದ್ರ ಉಳೀತಿದ್ಲೋ ಇಲ್ಲೋ, ಯಾರಿಗೆ ಗೊತ್ತು. ಆದ್ರ ಅರ್ಧ ಬಾಟ್ಲಿ ಇನ್ನೂ ನಮ್ಮ ಗುಡಾಣದಾಗ ಇತ್ತು. ಮಾತಾಡಿಸಾಕ ಹೋದಾಗ ನರ್ಸಮ್ಮ ನನ್ನ ಕೈ ಹಿಡದು, "ನಿನ್ನ ಕೂಸಿಗೆ ಎಣ್ಣಿ ತಪ್ಪಸಬ್ಯಾಡ ತಂಗೀ" ಅಂದ್ಲು. ಮುಂದಿನ ತಿಂಗಳು ಬದಲಿ ಮಾಡಿಸಿಕೊಂಡು ರಾಯಚೂರ ಕಡೆ ಹೋದ್ಲು. ಮತ್ತ ಆಕಿನ್ನ ನೋಡಲಿಲ್ಲ ನಾನು.

ಮಗಳು ಗುಳಗಿ ನುಂಗಿ ನೀರು ಕುಡದು, ಯಾಕ ಹಿಂಗ ಒಂದೇ ಸವನ ಅಡ್ಡಾಡ್ತಿ, ಈ ವಾಸನಿ ನಿನಗ ಮೊದಲ ಗೊತ್ತೇನು ಅಂತ ಕೇಳಿದ್ಲು. ಖರೇ ಹೇಳಬೇಕಂತ ಬಾಯಿ ತಗದೆ.

"ನೀ ಸಣ್ಣಾಕಿ ಇದ್ದಾಗ ಕುಡಿಸಿದ್ದೆ" ಅಂದೆ.