ಎಸಿ ಕೆಳಗಿನ ಬಕೆಟ್‌ಗಳು

ಗಲ್ಫಿನ ಅಲ್ ನಹ್ದಾ ಬಡಾವಣೆಯಲ್ಲಿ ನಮ್ಮ ಎದುರು ಫ್ಲ್ಯಾಟಿನಲ್ಲಿ ಉಡುಪಿ ಕಡೆಯ ಫಿಸಿಕ್ಸ್ ಮೇಷ್ಟ್ರೊಬ್ಬರಿದ್ದರು. ಚಹಾ ಆರಿದರೂ ಲಿಫ್ಟ್ ಕೆಟ್ಟರೂ ತೋರುಬೆರಳೆತ್ತಿ, "ಶಕ್ತಿ ಎಲ್ಲಿಗೂ ಹೋಗುದಿಲ್ಲ ಮಾರಾಯ್ರೆ, ರೂಪ ಬದಲಾಯಿಸ್ತದೆ ಅಷ್ಟೆ" ಎನ್ನುತ್ತಿದ್ದರು.

ಜುಲೈ ಬಂತೆಂದರೆ ಟೆರೇಸಿನ ಟ್ಯಾಂಕ್ ಕಾದು, ತಣ್ಣೀರಿನ ನಲ್ಲಿಯಲ್ಲೇ ಮೈ ಸುಡುವ ನೀರು ಬರುತ್ತಿತ್ತು. ನಾವೆಲ್ಲ ಗೀಸರ್ ಆರಿಸಿ, ಅದರೊಳಗೆ ತಣಿದಿದ್ದ ನೀರಿನಲ್ಲಿ ಸ್ನಾನ ಮುಗಿಸುತ್ತಿದ್ದೆವು. ಮೇಷ್ಟ್ರಿಗೆ ಅದು ವಿಜ್ಞಾನ ತಿಳಿಯದವರ ಉಪಾಯ.

ಒಂದು ಸಂಜೆ ಅವರ ಮನೆಗೆ ಹೋದೆ. ಹಾಲ್‌ನಲ್ಲಿ ಎಸಿಯ ಕೆಳಗೆ ನೀರು ತುಂಬಿದ ಬಕೆಟ್‌ಗಳು ಸಾಲಾಗಿ ನಿಂತಿದ್ದವು. ಮೇಷ್ಟ್ರು ಶಾಲು ಹೊದ್ದು ಸೋಫಾದಲ್ಲಿ ನಡುಗುತ್ತಿದ್ದರು.

"ಎಸಿ ಯಾಕೆ ಸಾರ್ ಇಷ್ಟು ಜೋರು?"

"ನಾಳೆ ಸ್ನಾನದ ನೀರು ತಣಿಯುದು ಬೇಡ್ವಾ? ನೀರಿನ ಬಿಸಿ ಗಾಳಿಗೆ ಹೋಯ್ತು, ಅದನ್ನು ಎಸಿ ಹೊರಗೆ ಹಾಕ್ತು. ಎಲ್ಲಾದರೂ ನಷ್ಟ ಉಂಟಾ?"

ಅಷ್ಟರಲ್ಲಿ ಅವರ ಹೆಂಡತಿ ಬಚ್ಚಲಿನಿಂದ ಇನ್ನೊಂದು ತುಂಬಿದ ಬಕೆಟ್ ತಂದಿಟ್ಟು, ಸೊಂಟ ಹಿಡಿದುಕೊಂಡು ನಿಂತರು. ಮೇಷ್ಟ್ರ ಬೆರಳು ಮೇಲೇಳುವ ಮೊದಲೇ ನನ್ನ ಕಡೆ ತಿರುಗಿದರು.

"ಇವರ ಶಕ್ತಿ ಎಲ್ಲಿಗೂ ಹೋಗುದಿಲ್ಲ ನೋಡಿ, ಸೋಫಾದಲ್ಲೇ ಕೂತಿರ್ತದೆ. ಖರ್ಚಾಗುದೆಲ್ಲ ನಂದು."