ತೋಳದ ಕಿವಿ, ನಮ್ಮ ಮಿಸ್ಡ್ ಕಾಲ್

ಕಳೆದ ಮಂಗಳವಾರ ಬೆಳಗ್ಗೆ ಅತ್ತಿಗುಪ್ಪೆ ಬಸ್ ಸ್ಟಾಪಿನಲ್ಲಿ ಒಬ್ಬ ಹುಡುಗ ನನ್ನ ಅಕ್ಕನ ಮಗಳ ಮಣಿಕಟ್ಟು ಹಿಡಿದು ನಿಂತಿದ್ದ. ಎಷ್ಟು ಹೊತ್ತು? ಎರಡು ಬಸ್ ಬಂದು ಹೋಗುವಷ್ಟು ಹೊತ್ತು.

ಅವಳು ಮರೆತು ಬಂದಿದ್ದ ಟಿಫನ್ ಡಬ್ಬಿ ಹಿಡಿದು ನಾನು ರಸ್ತೆಯ ಈಚೆ ಬದಿಯಲ್ಲಿ ನಿಂತಿದ್ದೆ. ನೋಡಿದೆ. ನೋಡಿದೆ ಅಷ್ಟೇ. ಕಾಲು ಏಳಲಿಲ್ಲ.

ಎದ್ದವಳು ಅಲ್ಲಿ ಹೂ ಮಾರುವ ಹೆಂಗಸು. "ಬಿಡಪ್ಪಾ ಕೈನ, ಬಸ್ ಹೋಗ್ತಾ ಐತೆ" ಅಂದಳು.

"ನಿಮ್ ಕೆಲ್ಸ ನೋಡ್ಕೊಳಿ ಆಂಟಿ. ಇವ್ಳು ನನ್ ಹುಡುಗಿ."

"ಹುಡುಗಿ ನಿಂದೇ ಇರ್ಲಿ ಕಣಪ್ಪ, ಕೈ ಅವಳ್ದಲ್ವಾ?"

ಸ್ಟಾಪಿನಲ್ಲಿದ್ದ ಯಾರೋ ನಕ್ಕರು. ಅವನು ಕೈ ಬಿಟ್ಟ. ಆ ನಗು ಕೇಳಿಯೇ ನನ್ನ ಕಾಲು ಎದ್ದದ್ದು. ನಾನು ರಸ್ತೆ ದಾಟುವಷ್ಟರಲ್ಲಿ ಅವನು ಬೈಕ್ ಹತ್ತಿ ಹೋಗಿದ್ದ.

ಹುಡುಗಿಯ ಹೆಸರು ಮೇಘನಾ ಅಂದುಕೊಳ್ಳಿ. (ಅವಳನ್ನು ಕೇಳಿಯೇ ಬರೆಯುತ್ತಿದ್ದೇನೆ. ಹೆಸರು ಬದಲಿಸಿದ್ದೇನೆ.) ಸೆಕೆಂಡ್ ಪಿಯುಸಿ. ಕಾಲೇಜಿಗೆ ಹತ್ತಿರ ಅಂತ ನಮ್ಮ ಮನೆಯಲ್ಲಿದ್ದಾಳೆ. ಸಂಜೆ ಅವಳು ಹೇಳಿದ್ದು ಇಷ್ಟು.

"ನಿನ್ನೆ ಮಿಸ್ಡ್ ಕಾಲ್ ಕೊಡೋದು ಮರ್ತೋಯ್ತು ಚಿಕ್ಕಮ್ಮ. ಥ್ರೋಬಾಲ್ ಪ್ರಾಕ್ಟೀಸ್ ಇತ್ತು. ಅದಕ್ಕೇ ಅವನಿಗೆ ಬೇಜಾರು."

ಬಸ್ ಹತ್ತಿದಾಗ ಒಂದು ಮಿಸ್ಡ್ ಕಾಲ್. ಕಾಲೇಜು ತಲುಪಿದಾಗ ಒಂದು. ಕ್ಲಾಸ್ ಬಿಟ್ಟಾಗ ಒಂದು, ಮನೆ ಸೇರಿದಾಗ ಇನ್ನೊಂದು. ಪ್ರಾಕ್ಟೀಸ್ ಶುರುವಾದ ಮೇಲೆ ಈ ಲೆಕ್ಕ ತಪ್ಪುತ್ತಿತ್ತು. ಆದ್ದರಿಂದ ಆಟ ಬಿಡು ಅಂದಿದ್ದಾನೆ. ಮೇಘನಾ ಬಿಡಲು ಒಪ್ಪಿದ್ದಳು. ಕಾಲೇಜು ಟೀಮಿಗೆ ಸೆಲೆಕ್ಟ್ ಆಗಿ ಮೂರು ವಾರವೂ ಆಗಿರಲಿಲ್ಲ. ಮಂಡಿ ನೋವು ಎಂದು ಸ್ಪೋರ್ಟ್ಸ್ ಮೇಡಂಗೆ ಬರೆದ ಪತ್ರ ಬ್ಯಾಗಿನಲ್ಲಿತ್ತು. ಶುಕ್ರವಾರ ಕೊಡಬೇಕಿತ್ತು.

"ಇದೇನೇ ಇದು?" ಅಂದೆ.

"ಅವನು ಸ್ವಲ್ಪ ಪೊಸೆಸಿವ್, ಅಷ್ಟೆ. ಬುಕ್ಕಲ್ಲೂ ಹಿಂಗೇ ಇದೆ."

ಬುಕ್ಕು ಅಂದರೆ ಕಂದು ಕಾಗದದ ಹೊದಿಕೆ ಹಾಕಿದ ಒಂದು ಇಂಗ್ಲಿಷ್ ಕಾದಂಬರಿ. ಇಡೀ ಕ್ಲಾಸು ಓದಿ ಮುಗಿಸಿದೆಯಂತೆ. ಬುಧವಾರ, ಗುರುವಾರ ಎರಡು ಮಧ್ಯಾಹ್ನ ಕೂತು ನಾನೂ ಓದಿದೆ. ನಾಯಕ ಹುಣ್ಣಿಮೆಗೆ ತೋಳವಾಗುವ ಹುಡುಗ. ಆರು ಮೈಲಿ ದೂರದಿಂದಲೂ ನಾಯಕಿಯ ಎದೆಬಡಿತ ಅವನಿಗೆ ಕೇಳಿಸುತ್ತದೆ. ಅವಳು ಇನ್ನೊಬ್ಬನ ಜತೆ ನಕ್ಕರೆ ಗೊತ್ತಾಗುತ್ತದೆ. ಅವಳ ಗೆಳತಿಯನ್ನು ಹೆದರಿಸಿ ಓಡಿಸುತ್ತಾನೆ. ನೀನು ಬಿಟ್ಟು ಹೋದರೆ ನಾನು ಏನು ಮಾಡುತ್ತೇನೋ ನನಗೇ ಗೊತ್ತಿಲ್ಲ ಅನ್ನುತ್ತಾನೆ. ಅವಳ ಕಣ್ಣು ತುಂಬುತ್ತದೆ. ಹೆದರಿ ಅಲ್ಲ, ಖುಷಿಗೆ.

ತೋಳಕ್ಕೆ ಕಿವಿ ಇತ್ತು. ನಮ್ಮ ಹುಡುಗನಿಗೆ ಮಿಸ್ಡ್ ಕಾಲ್.

ಪುಸ್ತಕ ಕಿತ್ತುಕೊಳ್ಳಿ ಅಂತ ಹೇಳಲು ನಾನು ಇದನ್ನು ಬರೆಯುತ್ತಿಲ್ಲ. ನನ್ನ ಹದಿನೇಳರಲ್ಲಿ ವಾರಪತ್ರಿಕೆಯ ಧಾರಾವಾಹಿ ಓದಲು ನಾನೂ ಗುರುವಾರಕ್ಕೆ ಕಾಯುತ್ತಿದ್ದೆ. ಅದರಲ್ಲಿ ನಾಯಕ ಕೆನ್ನೆಗೆ ಬಾರಿಸಿದ ಮೇಲೆಯೇ ನಾಯಕಿಗೆ ಅವನ ಪ್ರೀತಿ ಅರ್ಥವಾಗುತ್ತಿತ್ತು. (ನಮಗೂ ಅರ್ಥವಾಗುತ್ತಿತ್ತು. ಭಯವಾಗುವುದು ಅದಕ್ಕೇ.) ಅಲ್ಲಿ ತೋಳವೂ ಇರಲಿಲ್ಲ, ಹುಣ್ಣಿಮೆಯೂ ಇರಲಿಲ್ಲ.

ಗುರುವಾರ ಸಂಜೆ ಪುಸ್ತಕ ಅವಳ ಕೈಗೆ ಕೊಟ್ಟು ಮಾತು ತೆಗೆದೆ. ಅವಳು ಸಿದ್ಧವಾಗಿಯೇ ಇದ್ದಳು.

"ಕಾಲೇಜು ಮುಟ್ಟಿದ್ಮೇಲೆ ಮಿಸ್ಡ್ ಕಾಲ್ ಕೊಡು ಅಂತ ನೀವೂ ಹೇಳ್ತೀರಲ್ಲ ಚಿಕ್ಕಮ್ಮ? ನೀವ್ ಕೇಳಿದ್ರೆ ಕೇರಿಂಗು, ಅವನ್ ಕೇಳಿದ್ರೆ ತಪ್ಪಾ?"

ನಿಜವೇ. ಊರಿಗೆ ಊರೇ ಹೀಗೆ. ಕೆಂಗೇರಿಗೆ ಹೋದವರೂ ಮಿಸ್ಡ್ ಕಾಲ್ ಕೊಡಬೇಕು, ಅಂಗಡಿಗೆ ಹೋದವರೂ ಕೊಡಬೇಕು. ಅಕ್ಕರೆಗೂ ಕಾವಲಿಗೂ ಒಂದೇ ರಿಂಗ್. ಗುರುತು ಹಿಡಿಯುವುದು ಹೇಗೆ?

ಅವಳನ್ನೇ ಕೇಳಿದೆ. "ಸೋಮವಾರ ನನಗೂ ಕೊಡ್ಲಿಲ್ಲ ನೀನು. ನಾನೇನ್ ಮಾಡ್ದೆ?"

"ಏನಿಲ್ಲ. ಬೈದ್ರಿ. ಆಮೇಲೆ ಸಾರು ಬಿಸಿ ಮಾಡಿ ಬಡಿಸಿದ್ರಿ."

"ಅವನು?"

ಮೇಘನಾ ಚೂಡಿದಾರದ ತೋಳನ್ನು ಮಣಿಕಟ್ಟಿನವರೆಗೂ ಎಳೆದುಕೊಂಡಳು.

ಶುಕ್ರವಾರ ಸಂಜೆ ಅವಳು ಪ್ರಾಕ್ಟೀಸಿಗೆ ಹೋದಳು. ನಾನೂ ಹೋಗಿ ಮೆಟ್ಟಿಲ ಮೇಲೆ ಕೂತೆ. ಪಕ್ಕದಲ್ಲಿ ಅವಳ ಬ್ಯಾಗು. ಒಳಗೆ ಫೋನ್ ಹನ್ನೊಂದು ಸಲ ಹೊಡೆದುಕೊಂಡಿತು. ಪ್ರತಿ ಸಲವೂ ಅವಳು ಈ ಕಡೆ ನೋಡಿದಳು. ಮೊದಮೊದಲು ಚೆಂಡು ಕೈಯಿಂದ ಜಾರಿತು. "ಏಯ್, ಎಲ್ಲಿದೀಯೇ? ಇಲ್ಲಿ ನೋಡೇ!" ಅಂತ ಟೀಮಿನವಳು ಕೂಗಿದಳು. ಆರನೆಯದೋ ಏಳನೆಯದೋ ರಿಂಗಿಗೆ ಮೇಘನಾ ಈ ಕಡೆ ನೋಡುತ್ತಲೇ ಚೆಂಡು ಹಿಡಿದಳು.

ಪತ್ರ ಇನ್ನೂ ಬ್ಯಾಗಿನಲ್ಲೇ ಇದೆ. ಕೊಟ್ಟಿಲ್ಲ, ಹರಿದೂ ಇಲ್ಲ. ಅವನು ನಾಳೆ ಮತ್ತೆ ಬರಬಹುದು. ಅಕ್ಕನಿಗೆ ಹೇಳಿದ್ದೇವೆ, ಮೇಡಂಗೂ ಹೇಳಿದ್ದೇವೆ. ಅವಳು ಆಟ ಬಿಡುವುದಿಲ್ಲ, ನಾನು ಅವಳ ಪಕ್ಕ ಬಿಡುವುದಿಲ್ಲ.

ನಿಮ್ಮ ಮನೆಯಲ್ಲೂ ಒಬ್ಬ ಹುಡುಗಿ ಇದ್ದರೆ, ಏನು ಓದುತ್ತಿದ್ದೀಯ ಎಂದು ಆಮೇಲೆ ಕೇಳಿ. ಮೊದಲು ಇದನ್ನು ಕೇಳಿ: ನೀನು 'ಆಗಲ್ಲ' ಅಂದ ದಿನ ಅವನು ಏನು ಮಾಡಿದ?