ರಾಕೆಟ್ಟು ಇಳಿಯುವಾಗ ನೋಡಬಾರದಂತೆ

ಗೆಳೆಯರೇ, ನಗು ತಡೆಯಲಾಗದೆ ಬರೆಯುತ್ತಿದ್ದೇನೆ. ಇವತ್ತು ಸಂಜೆ ಬಿಣಗಾದ ನಮ್ಮ ಮನೆಯಲ್ಲಿ ಎಲ್ಲರೂ ನೇರಪ್ರಸಾರ ನೋಡಲು ನನ್ನ ಮೊಬೈಲಿಗೆ ಮುತ್ತಿಕೊಂಡಿದ್ದೆವು. ಉಪಗ್ರಹವನ್ನು ಮೇಲೆ ಬಿಟ್ಟ ರಾಕೆಟ್ಟು ಹಿಂದಿರುಗಿ ನಡುಸಮುದ್ರದ ಬಾರ್ಜ್ ಎಂಬ ಚಪ್ಪಟೆ ಹಡಗಿನ ಮೇಲೆ ನೆಟ್ಟಗೆ ಇಳಿಯುವುದಿತ್ತು. ಹೋದ ಸಲ ಅಡ್ಡಬಿದ್ದು ಹೊತ್ತಿ ಉರಿದಿತ್ತು. ಈ ಸಲ ಇನ್ನೇನು ಕಾಲೂರಬೇಕು, ಅತ್ತೆ ಮೊಬೈಲು ಕಸಿದು ಚಾಪೆಯ ಮೇಲೆ ಬೋರಲು ಹಾಕಿಬಿಟ್ಟರು!

"ಅಯ್ಯೋ ಅತ್ತೆ, ಏನ್ ಮಾಡಿದ್ರಿ?"

"ದೋಣಿ ಅಳಿವೆ ದಾಟಿ ಬರೂ ಹೊತ್ತಿಗೆ ದಡದಲ್ಲಿ ನಿಂತ್ಕಂಡು ನೋಡ್ಬಾರ್ದು. ನಿನ್ನ ಮಾವ ಇಷ್ಟು ವರ್ಷ ಸುಮ್ನೆ ಬಂದು ಮುಟ್ಟಿದ್ರಾ? ಹೋದ್ಸಲ ನೀವೆಲ್ಲ ಕಣ್ಣು ಬಿಟ್ಕಂಡು ನೋಡಿದ್ರಿ, ಅದಕ್ಕೇ ಬಿತ್ತು!"

ಹೊಳೆ ಕಡಲು ಸೇರುವ ಆ ಅಳಿವೆ ದಾಟಿಯೇ ಜೀವಮಾನವಿಡೀ ಮೀನು ಹಿಡಿದ ಮಾವ ಹೌದೆಂದು ತಲೆಯಾಡಿಸಿದರು.

ಮೊಬೈಲು ತಿರುಗಿಸಿದರೆ ರಾಕೆಟ್ಟು ಬಾರ್ಜ್ ಮೇಲೆ ದೀಪದ ಕಂಬದಂತೆ ನಿಂತಿತ್ತು! ಮನೆಯೆಲ್ಲ ಕೇಕೆ, ಚಪ್ಪಾಳೆ. ಅತ್ತೆಯ ಮುಖ ನೋಡಬೇಕಿತ್ತು, ಅವರೇ ಇಳಿಸಿದ ಹಾಗೆ.

"ಹೆಂಗೆ ಇಳೀತು, ಮತ್ತೊಂದ್ಸಲ ತೋರ್ಸು. ಈಗ ನೋಡಿದ್ರೆ ಅಡ್ಡಿಲ್ಲ" ಎಂದರು.

ಅದೇ ವಿಡಿಯೋ ಹಿಂದಕ್ಕೆಳೆದು ಹಾಕಿದೆ. ರಾಕೆಟ್ಟು ಬೆಂಕಿಯುಗುಳುತ್ತ ಕೆಳಗೆ ಬಂತು. ಇನ್ನೇನು ಕಾಲೂರಬೇಕು, ಅತ್ತೆ ಮತ್ತೆ ಕಸಿದು ಬೋರಲು ಹಾಕಿದರು.

ಒಂದೇ ರಾಕೆಟ್ಟನ್ನು ನಮ್ಮತ್ತೆ ಇವತ್ತು ಎರಡೆರಡು ಸಲ ಕಾಪಾಡಿದ್ದಾರೆ.